ಹೋಗಾಗ ಎರಡೂವರೆ ತಾಸು, ಬರಾಗ ಐದು?

ಪ್ರಶ್ನೆ: ಮಾಸ್ತರ್ರೇ, ನನ್ನ ಮಗ ದುಬೈದಾಗ ಎಲೆಕ್ಟ್ರಿಷಿಯನ್ ಇದ್ದಾನ. ಹೋಗಾಗಿನ ಟಿಕೆಟ್‌ನ್ಯಾಗ ಹೈದರಾಬಾದ್ ಮುಂಜಾನೆ 10:00, ದುಬೈ 12:30 ಅಂತ ಇತ್ತು. ಈಗ ಸಂಕ್ರಾಂತಿಗೆ ಬರ್ಲಾಕತ್ತಾನ. ದುಬೈ 14ನೇ ತಾರೀಖು ರಾತ್ರಿ 10:00, ಹೈದರಾಬಾದ್ 15ನೇ ತಾರೀಖು 3:00 ಅಂತ ಅದ. ಹೋಗಾಗ ಎರಡೂವರೆ ತಾಸು, ಬರಾಗ ಐದು ಹ್ಯಾಂಗ? ನಡುವ ಎಲ್ಯಾರ ಇಳಿಸ್ತಾರೇನು? ನಾವು ಕರಕೊಂಡು ಬರ್ಲಿಕ್ಕೆ ಯಾವಾಗ ಹೋಗಬೇಕು?
– ಒಬ್ಬ ತಾಯಿ, ಸೇಡಂ

ಉತ್ತರ: ಎಲ್ಲೂ ಇಳಿಸೋದಿಲ್ಲ ತಾಯಿ, ಸೀದಾ ಬರ್ತಾನೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಮುಟ್ಟುವ ಹೊತ್ತು ಮುಟ್ಟುವ ಊರಿನದ್ದು. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ದುಬೈಯವರದು 60 ಡಿಗ್ರಿಯದ್ದು. ಒಂದು ಡಿಗ್ರಿ ತಿರುಗಲು ಭೂಮಿಗೆ 4 ನಿಮಿಷ ಬೇಕು, 22.5 ಡಿಗ್ರಿಗೆ 90 ನಿಮಿಷ. ಅಂದರೆ ಅವರು ನಮಗಿಂತ ಒಂದೂವರೆ ತಾಸು ಹಿಂದೆ. ಹೋಗುವಾಗಿನ ಲೆಕ್ಕಕ್ಕೆ ಅದನ್ನು ಕೂಡಿಸಿ, ಬರುವಾಗಿನದರಲ್ಲಿ ಕಳೆಯಿರಿ: ಹೋಗಲು 4 ತಾಸು, ಬರಲು ಮೂರೂವರೆ.

ಈಗ ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ, ಉಳಿದ ಆ ಅರ್ಧ ತಾಸು ಎಲ್ಲಿಂದ ಬಂತು ಅಂತ. ಅದು ಗಾಳಿಯದು. ವಿಮಾನ ಹಾರುವ ಹತ್ತು-ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಚಳಿಗಾಲದಾಗ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹೈದರಾಬಾದಿನಿಂದ ದುಬೈಗೆ ನೇರ ಅಂತರ ಸುಮಾರು 2,550 ಕಿ.ಮೀ. ವಿಮಾನದ ವೇಗ ತಾಸಿಗೆ 850 ಕಿ.ಮೀ. ಇದ್ದು, ಗಾಳಿ 70 ಇತ್ತೆಂದು ಹಿಡಿಯಿರಿ. ಎದುರು ಹೋದರೆ 780, ಬೆನ್ನಿಗೆ ಬಂದರೆ 920. ಭಾಗಿಸಿ ನೋಡಿ, ವ್ಯತ್ಯಾಸ ಅರ್ಧ ತಾಸೇ ಬರುತ್ತದೆ. ಏರಲು, ಇಳಿಯಲು, ರನ್‌ವೇ ತನಕ ತೆವಳಲು ಹಿಡಿಯುವ ಹೊತ್ತು ಬೇರೆ. ಮಳೆಗಾಲದಲ್ಲಿ ನಮ್ಮ ದಕ್ಷಿಣದ ಮೇಲೆ ಆ ಎತ್ತರದ ಗಾಳಿ ಉಲ್ಟಾ ಬೀಸುವುದರಿಂದ ಈ ಅಂತರ ಕಡಿಮೆಯಾಗುತ್ತದೆ.

ಆದರೆ ನಿಮಗೆ ಮುಖ್ಯವಾದದ್ದು ತಾರೀಖು. ‘15ನೇ ತಾರೀಖು 3:00’ ಅಂದರೆ ನಸುಕಿನ ಮೂರು. 15ರ ರಾತ್ರಿ ಹೋದರೆ ಹುಡುಗ ಅಷ್ಟೊತ್ತಿಗೆ ಬಾಡಿಗೆ ಕಾರು ಮಾಡಿಕೊಂಡು ಸೇಡಂ ಸೇರಿರುತ್ತಾನೆ! 14ರ ರಾತ್ರಿ ಊಟ ಮುಗಿಸಿ 11ಕ್ಕೆ ಗಾಡಿ ಬಿಡಿ. ಕೊಡಂಗಲ್, ಪರಿಗಿ ದಾಟಿ ಶಂಶಾಬಾದ್ ಮುಟ್ಟಲು ನಾಲ್ಕು ತಾಸು ಹಿಡಿದೀತು, ಮಗ ದುಬೈಯಿಂದ ಬರುವುದಕ್ಕಿಂತ ಹೆಚ್ಚು. ಅವಸರ ಬೇಡ, ಪಾಸ್‌ಪೋರ್ಟ್ ತಪಾಸಣೆ, ಲಗೇಜು ಅಂತ ಅವನು ಹೊರಗೆ ಬರುವಷ್ಟರಲ್ಲಿ ನಾಲ್ಕಾಗುತ್ತದೆ. ಸಜ್ಜಿ ರೊಟ್ಟಿ, ಭರ್ತಾ ಕಟ್ಟಿಕೊಂಡು ಹೋಗಿ.

ಪ್ರಶ್ನೆ: ಬೀದರ್‌ನಿಂದ ಬೆಂಗಳೂರು ಬಸ್ಸಿಗೆ 700 ಕಿ.ಮೀ. ಹತ್ತಿರ, ವಿಮಾನಕ್ಕೆ 550 ಅಂತಾರೆ. ಯಾವುದು ಖರೆ?
– ಪಿಯು ವಿದ್ಯಾರ್ಥಿ, ಭಾಲ್ಕಿ

ಉತ್ತರ: ಎರಡೂ ಖರೆ. 550 ಅನ್ನೋದು ನಕಾಶೆ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ. ರಸ್ತೆ ಊರೂರು ಸುತ್ತಿ ಹೋಗುತ್ತದೆ. ವಿಮಾನಕ್ಕೆ ಅಷ್ಟೂ ಬೇಡ: ದೇವನಹಳ್ಳಿ ನಿಲ್ದಾಣ ಬೆಂಗಳೂರಿನ ಉತ್ತರಕ್ಕೆ, ನಮ್ಮ ಕಡೆಗೇ ಇರುವುದರಿಂದ 525ರ ಸುತ್ತಮುತ್ತ ಮುಗಿಯುತ್ತದೆ. ಉಳಿದದ್ದನ್ನು ಮೆಜೆಸ್ಟಿಕ್ ತನಕ ಟ್ರಾಫಿಕ್‌ನಲ್ಲಿ ಕುಳಿತು ತೀರಿಸಬೇಕು.