ಬಾಗಿಲಾಚೆ ನಿಂತ ಬಾಣಂತಿ

ಪತ್ರ: “ಮಗಳಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಕೂಸು 1,350 ಗ್ರಾಂ. ಸರ್ಕಾರಿ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. 25ನೇ ದಿನ ಒಬ್ಬ ಹುಡುಗ ಕ್ಯಾಮೆರಾ ತಂದು, ಕೂಸಿನ ಕಣ್ಣಿಗೆ ಕ್ಲಿಪ್ ಹಾಕಿ ಫೋಟೊ ತೆಗೆದ. ಮಗಳನ್ನು ಹೊರಗೆ ಕಳಿಸಿದರು. ಕೂಸು ಚೀರುವುದು ಬಾಗಿಲಾಚೆಗೂ ಕೇಳುತ್ತಿತ್ತು. ಡಾಕ್ಟರೇ ಇರಲಿಲ್ಲ, ಫೋಟೊ ಬೆಂಗಳೂರಿಗೆ ಹೋಗುತ್ತದಂತೆ. ಎರಡು ವಾರ ಬಿಟ್ಟು ಮತ್ತೆ ಬನ್ನಿ ಅಂದಿದ್ದಾರೆ. ಕೂಸು ದೀಪ ಕಂಡರೆ ಕಣ್ಣು ಮಿಟುಕಿಸುತ್ತದೆ, ಮತ್ತೆ ಯಾಕೆ ಹೋಗಬೇಕು? ಬಡವರ ಮಕ್ಕಳಿಗೆ ಡಾಕ್ಟರ ಬದಲು ಕ್ಯಾಮೆರಾ ಸಾಕೇ?” – ಬಯಲುಸೀಮೆಯ ಒಬ್ಬ ಅಜ್ಜಿ

ಸಂಪಾದಕರ ಉತ್ತರ: ಅಮ್ಮಾ, ಕ್ಯಾಮೆರಾ ವಿಷಯದಲ್ಲಿ ನಿಮ್ಮ ಸಿಟ್ಟು ತಪ್ಪು ಕಡೆ ತಿರುಗಿದೆ. ಬಾಗಿಲಿನ ವಿಷಯದಲ್ಲಿ ನೂರಕ್ಕೆ ನೂರು ಸರಿ. ಅದಕ್ಕೂ ಮೊದಲು ಒಂದು ಮಾತು: ಎರಡು ವಾರಕ್ಕೆ ಹೋಗಲೇಬೇಕು. ಕೊಯ್ಲಿರಲಿ, ಮದುವೆ ಇರಲಿ, ತಪ್ಪಿಸಬೇಡಿ.

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅಂತ ಒಂದು ತೆಳು ಪರದೆ ಇದೆ. ಅದರ ರಕ್ತನಾಳಗಳು ಮಧ್ಯದಿಂದ ಅಂಚಿನ ಕಡೆಗೆ ಬೆಳೆಯುತ್ತಾ ಹೋಗಿ, ತಿಂಗಳು ತುಂಬುವ ಹೊತ್ತಿಗೆ ಅಂಚು ಮುಟ್ಟುತ್ತವೆ. ಕೂಸು ಮೊದಲೇ ಹುಟ್ಟಿದರೆ ಆ ಬೆಳವಣಿಗೆ ಅರ್ಧಕ್ಕೆ ನಿಲ್ಲಬಹುದು. ಕೆಲವು ವಾರಗಳ ಮೇಲೆ ಅಲ್ಲಿ ಅಡ್ಡಾದಿಡ್ಡಿ ನಾಳಗಳು ಹುಟ್ಟಿಕೊಂಡು, ಕೆಲವು ಮಕ್ಕಳಲ್ಲಿ ರೆಟಿನಾವನ್ನೇ ಎಳೆದು ಕಿತ್ತುಬಿಡುತ್ತವೆ. ಆಸ್ಪತ್ರೆಯವರು ಆರ್‌ಒಪಿ ಅನ್ನುವುದು ಇದಕ್ಕೇ. ಹುಟ್ಟಿದ ದಿನ ನೋಡಿದರೆ ಏನೂ ಇರುವುದಿಲ್ಲ. ಶುರುವಿನಲ್ಲಿ ಹೊರಗಿನಿಂದ ಕಾಣುವುದೂ ಇಲ್ಲ. ಪಾಪೆ ಬೆಳ್ಳಗಾಗಿ ನಮ್ಮ ಕಣ್ಣಿಗೇ ಬೀಳುವ ಹೊತ್ತಿಗೆ ಕಾಲ ಮೀರಿರುತ್ತದೆ. ದೀಪಕ್ಕೆ ಮಿಟುಕಿಸುವುದು ಸಾಕ್ಷಿಯಲ್ಲ. ಆದ್ದರಿಂದಲೇ 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ ಹುಟ್ಟುವಾಗ 2 ಕೆಜಿಗಿಂತ ಕಡಿಮೆ ತೂಗಿದ ಕೂಸಿಗೆ 30 ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು ಅನ್ನುವುದು ನಮ್ಮ ದೇಶದ ನಿಯಮ. ನಿಮ್ಮ ಆಸ್ಪತ್ರೆ ಇದನ್ನು ಪಾಲಿಸಿದೆ. ಲೇಸರ್ ಚಿಕಿತ್ಸೆ ಬೇಕಾದರೆ ಎರಡು-ಮೂರು ದಿನದಲ್ಲೇ ಆಗಬೇಕು. ವಾರ ಕಾದು ನೋಡೋಣ ಅನ್ನುವ ರೋಗವಲ್ಲ ಇದು.

ಹಸುಗೂಸಿನ ರೆಟಿನಾ ನೋಡಬಲ್ಲ ಡಾಕ್ಟರು ಎಲ್ಲ ಜಿಲ್ಲೆಯಲ್ಲೂ ಸಿಗುವುದಿಲ್ಲ. ಆಕ್ಸಿಜನ್ ನಳಿಕೆ ಹಾಕಿದ ಕೂಸನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ಯಲಾಗುತ್ತದೆಯೇ? ಕೂಸಿನ ಬದಲು ಚಿತ್ರ ಹೋಗಲಿ ಅಂತ 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರ ಮುಂದಾಳತ್ವದಲ್ಲಿ ಕಿಡ್‌ರಾಪ್ ಎಂಬ ಯೋಜನೆ ಶುರುವಾಯಿತು. ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಹೋಗುತ್ತಾರೆ. ಚಿತ್ರವನ್ನು ತಜ್ಞರು ದೂರದಲ್ಲೇ, ಬೇಕಾದರೆ ಮೊಬೈಲಿನಲ್ಲೇ, ಓದಿ ಹೇಳುತ್ತಾರೆ. ಇದರ ಇನ್ನೊಂದು ಲಾಭ: ಡಾಕ್ಟರು ಟಾರ್ಚ್ ಹಾಕಿ ನೋಡಿದ್ದು ಅವರ ನೆನಪಿನಲ್ಲಿ, ಹೆಚ್ಚೆಂದರೆ ಕೈಬರಹದ ಟಿಪ್ಪಣಿಯಲ್ಲಿ ಉಳಿಯುತ್ತದೆ, ಚಿತ್ರವನ್ನಾದರೆ ಎರಡು ವಾರದ ಮೇಲೆ ಹೊಸದರ ಪಕ್ಕ ಇಟ್ಟು ಹೋಲಿಸಬಹುದು. ‘ಮತ್ತೆ ಬನ್ನಿ’ ಅಂದದ್ದು, ನಾಳಗಳು ಅಂಚಿನ ಕಡೆಗೆ ಸರಿಯಾಗಿ ಬೆಳೆಯುತ್ತಿವೆಯೇ ಅಂತ ಹೀಗೆ ನೋಡುವುದಕ್ಕೇ. ಹಾಗಾಗಿ ಇದು ಬಡವರ ಪಾಲಿನ ಎಂಜಲಲ್ಲ. ಇಂಥ ಕ್ಯಾಮೆರಾ ಶ್ರೀಮಂತ ದೇಶಗಳಲ್ಲೂ ಇದೆ.

ಇನ್ನು ಬಾಗಿಲಿನ ಮಾತು. ಕೆಲವು ವರ್ಷಗಳ ಹಿಂದೆ ಒಂದು ಊರಿನ ಎಸ್‌ಎನ್‌ಸಿಯುನಲ್ಲಿ (ಆಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ) ಈ ಪರೀಕ್ಷೆಯನ್ನು ನಿಂತು ನೋಡಿದ್ದೇನೆ. ಕ್ಲಿಪ್ ಹಾಕುವಾಗ ನನಗೇ ಹೊಟ್ಟೆ ಕಿವುಚಿತು, ಸುಳ್ಳೇಕೆ ಹೇಳಲಿ. ಆದರೆ ಅಲ್ಲೊಬ್ಬ ನರ್ಸಮ್ಮ ಇದ್ದರು. ಪಾಪೆ ಅಗಲವಾಗಲು ಹನಿ ಬಿಟ್ಟ ಮೇಲೆ ಕೆನ್ನೆಗಿಳಿದ ಔಷಧಿಯನ್ನು ಹತ್ತಿಯಿಂದ ಪ್ರತಿ ಸಲ ಒರೆಸಿದರು. ಅದು ಮೈಗೆ ಹತ್ತಿದರೆ ಇಷ್ಟು ಚಿಕ್ಕ ಜೀವಕ್ಕೆ ರಕ್ತದೊತ್ತಡ ಏರಬಹುದಂತೆ. ಕೂಸಿನ ಕೈಕಾಲು ಮಡಿಸಿ, ಬಾಳೆ ಎಲೆಯಲ್ಲಿ ಕಡುಬು ಸುತ್ತಿದ ಹಾಗೆ ಮೆತ್ತನೆ ಬಟ್ಟೆಯಲ್ಲಿ ಸುತ್ತಿದರು. ಮರಗಟ್ಟಿಸುವ ಹನಿ ಹಾಕಿ, ತಾಯಿ ಹಿಂಡಿಕೊಟ್ಟ ಎದೆಹಾಲನ್ನು ನಾಲಿಗೆ ಮೇಲೆ ಎರಡು ತೊಟ್ಟು ಬಿಟ್ಟರು. ತಾಯಿ ಪಕ್ಕದಲ್ಲೇ ಕೂತು ಅಂಗೈಯನ್ನು ಕೂಸಿನ ತಲೆಗೆ ಕವುಚಿ ಹಿಡಿದಿದ್ದಳು. ಕೂಸು ಅತ್ತಿತು. ಆದರೆ ಕ್ಲಿಪ್ ತೆಗೆದ ಮೇಲೆ ಬೇಗ ಸುಮ್ಮನಾಯಿತು. ನರ್ಸಮ್ಮ ಮಾತ್ರ ಹೋಗಲಿಲ್ಲ. ಉಸಿರು ನಡುವೆ ನಿಂತುಬಿಡಬಹುದು ಅಂತ ಮಾನಿಟರಿನ ಮುಂದೆಯೇ ಕೂತರು.

ಇದರಲ್ಲಿ ದುಬಾರಿ ವಸ್ತು ಯಾವುದಿದೆ ಹೇಳಿ? ಹತ್ತಿ, ಬಟ್ಟೆ, ತಾಯಿಹಾಲು. ಡಾಕ್ಟರು ದೂರದಲ್ಲಿದ್ದಷ್ಟೂ ಹತ್ತಿರ ಇರುವವರ ಕೆಲಸ ಹೆಚ್ಚುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಕ್ಯಾಮೆರಾ ಬಂತು, ಈ ಪಾಠ ಬರಲಿಲ್ಲ. ಒಬ್ಬ ನರ್ಸಿಗೆ ಹತ್ತು ಕೂಸು ಒಪ್ಪಿಸಿದ್ದರೆ ಅವರನ್ನೊಬ್ಬರನ್ನೇ ದೂರುವುದೂ ನ್ಯಾಯವಲ್ಲ.

ಆದರೂ ‘ತಾಯಿ ಒಳಗೆ ಬಂದರೆ ಸೋಂಕು’ ಅನ್ನುವ ಹಳೇ ಮಾತನ್ನು ಒಪ್ಪಬೇಡಿ. ಎಸ್‌ಎನ್‌ಸಿಯು ಒಳಗೆ ತಂದೆತಾಯಿಯೂ ಕೈತೊಳೆದು ಆರೈಕೆಯಲ್ಲಿ ಸೇರಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆಯೇ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಿಲ್ಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಅವಚಿಟ್ಟ ಕಡಿಮೆ ತೂಕದ ಕೂಸುಗಳಲ್ಲಿ ಮೊದಲ ತಿಂಗಳ ಸಾವು ಸುಮಾರು ಕಾಲು ಭಾಗ ಇಳಿದಿತ್ತು.

ಮುಂದಿನ ಸಲ ಮಗಳೇ ಒಳಗೆ ಹೋಗಲಿ. ತಡೆದರೆ ಕೇಂದ್ರದ 2017ರ ಆ ಮಾರ್ಗಸೂಚಿಯನ್ನು ನೆನಪಿಸಿ, ಜಗಳ ಬೇಡ. ಪರೀಕ್ಷೆಗೆ ಒಂದು ಗಂಟೆ ಮುಂಚೆ ಹೊಟ್ಟೆತುಂಬ ಕುಡಿಸಬೇಡಿ, ವಾಂತಿಯಾದೀತು. ಚಿಕ್ಕ ಬಟ್ಟಲಿನಲ್ಲಿ ಸ್ವಲ್ಪ ಹಾಲು ಹಿಂಡಿಟ್ಟುಕೊಂಡಿರಲಿ. ಹಳೇ ಸೀರೆಯ ತುಂಡೊಂದನ್ನು ಒಗೆದು, ಬಿಸಿಲಿಗೆ ಒಣಗಿಸಿ ಒಯ್ಯಿರಿ. ಮತ್ತೆ, ಮುಂದಿನ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಳ್ಳದೆ ಅಲ್ಲಿಂದ ಏಳಬೇಡಿ.