ಸಾರಿನಲ್ಲಿ ಪುಡಿ ಬೆರೆಸಬೇಡಿ, ತಂಗಿ

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ ಇದು. ಸ್ವಲ್ಪ ಮೊಟಕು ಮಾಡಿದ್ದೇನೆ.

"ಅಣ್ಣನಿಗೆ 34 ವರ್ಷ. ಬೈಪೋಲಾರ್ ಕಾಯಿಲೆ, ಕೆಲವು ಕಾಲ ಮನಸ್ಸು ವಿಪರೀತ ಉಬ್ಬುತ್ತೆ, ಕೆಲವು ಕಾಲ ಪೂರ್ತಿ ಕುಗ್ಗುತ್ತೆ. ಅದಕ್ಕೆ ಲಿಥಿಯಂ ಮಾತ್ರೆ ತಗೋತಾನೆ, ಜೊತೆಗೆ ಕುಡಿಯುತ್ತಾನೆ. ಕುಡಿತ ಬಿಡಿಸುವ ಕೇಂದ್ರದವರು 'ಮೊದಲು ತಲೆ ಸರಿ ಮಾಡಿಸಿಕೊಂಡು ಬನ್ನಿ' ಅಂದರು. ಖಾಸಗಿ ಆಸ್ಪತ್ರೆಯವರು 'ಮೊದಲು ಕುಡಿಯೋದು ಬಿಡಿಸಿ' ಅಂದರು. ಬಸ್ ಸ್ಟ್ಯಾಂಡ್ ಗೋಡೆ ಮೇಲೆ 'ಗೊತ್ತಾಗದಂತೆ ಕುಡಿತ ಬಿಡಿಸಿ' ಅಂತ ಫೋನ್ ನಂಬರ್ ಇದೆ. ಆ ಪುಡಿ ತಂದು ಸಾರಿನಲ್ಲಿ ಬೆರೆಸಲಾ? ಅವನಿಗಿರೋದು ಕಾಯಿಲೆಯಾ, ಚಟವಾ?"

ಬೇಡ ತಂಗಿ. ಮೊದಲು ಪುಡಿಯ ಮಾತು ಮುಗಿಸೋಣ. ಅದರಲ್ಲಿ ಏನಿದೆಯೋ ಮಾರುವವನೇ ಹೇಳುವುದಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅನ್ನೋ ಔಷಧ ಇದ್ದರೆ, ಅದರ ಮೇಲೆ ಕುಡಿದವರಿಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಬಿಪಿ ಕುಸಿಯುತ್ತದೆ. ಜೀವ ಹೋಗಿದ್ದೂ ಇದೆ. ಅದಕ್ಕೇ ಡಾಕ್ಟರು ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿ ಮಾತ್ರ ಕೊಡುತ್ತಾರೆ. ನಿಮ್ಮ ಅಣ್ಣನ ವಿಷಯದಲ್ಲಿ ಅಪಾಯ ಇನ್ನೂ ಜಾಸ್ತಿ. ವಾಂತಿಯಾಗಿ ಮೈಯ ನೀರು ಕಡಿಮೆಯಾದರೆ ಲಿಥಿಯಂ ರಕ್ತದಲ್ಲೇ ಉಳಿದು ಏರುತ್ತದೆ, ವಿಷವಾಗುತ್ತದೆ. ಆಗ ಕೈ ನಡುಗುತ್ತದೆ, ಹೆಜ್ಜೆ ತಪ್ಪುತ್ತದೆ, ನಾಲಿಗೆ ತೊದಲುತ್ತದೆ. ನೋಡಿದವರು ಏನಂದುಕೊಳ್ಳುತ್ತಾರೆ? ಇವತ್ತು ಜಾಸ್ತಿ ಹಾಕಿದ್ದಾನೆ, ಮಲಗಲಿ ಬಿಡಿ ಅಂತಾರೆ. ಆಸ್ಪತ್ರೆಗೆ ಓಡಬೇಕಾದ ಹೊತ್ತು ಹಾಗೇ ಕಳೆದುಹೋಗುತ್ತದೆ.

ಅಣ್ಣನ ಮೇಲಿನ ಪ್ರೀತಿಗೇ ನೀವು ಹೀಗೆ ಕೇಳಿದ್ದೀರಿ, ಗೊತ್ತು. ಆದರೂ ಅವನಿಗೆ ಗೊತ್ತಾಗದಂತೆ ಅವನ ತಟ್ಟೆಗೆ ಕೈ ಹಾಕಬೇಡಿ. ಒಮ್ಮೆ ತಿಳಿದರೆ ನಿಮ್ಮ ಕೈಯಿಂದ ಲಿಥಿಯಂ ಮಾತ್ರೆಯನ್ನೂ ತಗೊಳ್ಳಲಾರ.

ಕುಡಿಯುವವನೇ ಮನಸ್ಸು ಮಾಡಬೇಕು ಅಂತ ಹಿರಿಯರು ಹೇಳುತ್ತಾರೆ. ಒಪ್ಪುತ್ತೇನೆ. ಆದರೆ ಈ ಕಾಯಿಲೆ ಹಿಡಿಯುವುದೇ ಆ ಮನಸ್ಸನ್ನು ಅಲ್ವಾ?

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಹಿರಿಯರೊಬ್ಬರಿದ್ದರು. ವರ್ಷದಲ್ಲಿ ಒಂದೆರಡು ತಿಂಗಳು ರಾತ್ರಿಯಿಡೀ ಕೂತು ಮೂವರ ಕೆಲಸ ಒಬ್ಬರೇ ಮಾಡುತ್ತಿದ್ದರು. ಸಾಲ ಮಾಡಿ ಓಣಿಯವರಿಗೆಲ್ಲ ಸೀರೆ ತಂದು ಹಂಚಿದ್ದರು. ಆಮೇಲೆ ಬಾಟಲಿ. ಆಮೇಲೆ ಬಾಗಿಲು ಹಾಕಿಕೊಂಡು ಕೋಣೆಯಲ್ಲೇ ಇರುವುದು. ಕುಡಿದು ನಿದ್ದೆ ಕೆಡಿಸಿಕೊಂಡರು ಅಂದುಕೊಂಡೆವು ನಾವು. ನಿದ್ದೆ ಬಿಟ್ಟುಹೋದ ಮೇಲೆ ಅವರು ಬಾಟಲಿ ಹಿಡಿಯುತ್ತಿದ್ದರು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ನಾನೂ ಅವರಿಗೆ ಬುದ್ಧಿ ಹೇಳಿದವನೇ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಕಾಯಿಲೆಯಾ, ಚಟವಾ ಅಂತ ಕೇಳಿದ್ದೀರಿ. ಎರಡೂ, ತಂಗಿ. ಅಮೆರಿಕದಲ್ಲಿ 20 ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿ ಮಾಡಿದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಬೈಪೋಲಾರ್ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಬದುಕಿನಲ್ಲಿ ಯಾವಾಗಲಾದರೂ ಕುಡಿತದ ಇಲ್ಲವೇ ಮಾದಕ ವಸ್ತುವಿನ ತೊಂದರೆ ಇತ್ತು. ಇಷ್ಟು ಜನರಿಗೆ ಎರಡೂ ಒಟ್ಟಿಗೆ ಬರುವಾಗ, ಒಂದನ್ನು ಬಿಟ್ಟು ಬನ್ನಿ ಅನ್ನುವುದು ಯಾವ ನ್ಯಾಯ? ಸಕ್ಕರೆ ಕಾಯಿಲೆಯವರಿಗೆ 'ಮೊದಲು ಸಕ್ಕರೆ ಇಳಿಸಿ, ಆಮೇಲೆ ಕಾಲಿನ ಗಾಯ ತೋರಿಸಿ' ಅಂತ ಯಾರಾದರೂ ಹೇಳುತ್ತಾರಾ? 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಕುಡಿತದಿಂದ ಬರುವ ಮಾನಸಿಕ ತೊಂದರೆಗಳನ್ನು ಕಾಯಿಲೆಯ ಲೆಕ್ಕಕ್ಕೆ ಸೇರಿಸಿದೆ. ಆದರೂ ನಿಮ್ಮಂಥವರು ಎರಡು ಬಾಗಿಲ ನಡುವೆ ಅಲೆಯುತ್ತಿದ್ದೀರಿ.

ಕೋಪ ಬರುವುದು ಇಲ್ಲೇ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಜನ ಪ್ಯಾಕೆಟ್ ವಿಸ್ಕಿಗೆ ಹೊರಳಿದರು. ಹೋಬಳಿ ಊರಿನಲ್ಲೂ ಕ್ವಾರ್ಟರ್ ಸಿಗುತ್ತದೆ, ಮನೋವೈದ್ಯರನ್ನು ನೋಡಲು ಮಾತ್ರ ಬಸ್ ಹತ್ತಬೇಕು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ಇರುವ 10 ಜನರಲ್ಲಿ 7 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಅಬಕಾರಿ ದುಡ್ಡಿನ ಗುರಿಯನ್ನು ವರ್ಷ ವರ್ಷ ಏರಿಸುವ ಸರ್ಕಾರ ಈ ಲೆಕ್ಕವನ್ನೂ ಎದುರಿಗಿಟ್ಟುಕೊಳ್ಳಬೇಕು.

ನಿಮಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ಹೋಗುವ ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿತ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅದನ್ನೂ ಕೇಳಿ. ಕುಡಿದ ದಿನ ಮಾತ್ರೆ ಏನು ಮಾಡಬೇಕು ಅಂತಲೂ ಕೇಳಿ, ಮನೆಯಲ್ಲೇ ತೀರ್ಮಾನ ಮಾಡಬೇಡಿ. ಹಳೆಯ ಲಿಥಿಯಂ ರಕ್ತಪರೀಕ್ಷೆಯ ಚೀಟಿಗಳನ್ನು ತಗೊಂಡು ಹೋಗಿ. ಅಷ್ಟರೊಳಗೆ ಒಂದು ನೋಟ್‌ಬುಕ್ ಇಡಿ. ದಿನಾ ಎಷ್ಟು ಗಂಟೆ ನಿದ್ದೆ, ಎಷ್ಟು ಕುಡಿತ, ಅಷ್ಟೇ ಸಾಕು. ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯಿರಿ.