ಆಪ್ತಸಮಾಲೋಚನೆಯಲ್ಲಿ ಬೈಬಲನ್ನು ಯಾವಾಗ ತೆರೆಯಬೇಕು?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಮನಸ್ಸು ಕುಗ್ಗಿ ಬಂದವರಿಗೆ ಯಾವ ವಚನ ಕೊಡಬೇಕು ಎಂಬುದು ಒಂದು. ಸತ್ಯವೇದ (ಬೈಬಲ್) ಇರುವಾಗ ಮನೋವೈದ್ಯರೇಕೆ ಎಂದು ನಿಮ್ಮ ಸಭೆಯ ಹಿರಿಯರು ಎತ್ತಿದ ಆಕ್ಷೇಪಕ್ಕೆ ಏನು ಹೇಳಬೇಕು ಎಂಬುದು ಇನ್ನೊಂದು. ಇಪ್ಪತ್ತು ವರ್ಷಗಳಿಂದ ಕ್ರೈಸ್ತ ಸಭಾಪಾಲಕನಾಗಿರುವ ನಾನು ಮೊದಲನೆಯದನ್ನು ತಪ್ಪು ಮಾಡಿಯೇ ಕಲಿತೆ, ಅಲ್ಲಿಂದಲೇ ಆರಂಭಿಸುತ್ತೇನೆ.

ಸೇವೆಗೆ ಸೇರಿದ ಹೊಸತರಲ್ಲಿ, ಮಗನನ್ನು ಅಪಘಾತದಲ್ಲಿ ಕಳೆದುಕೊಂಡಿದ್ದ ತಾಯಿಯೊಬ್ಬರ ಮನೆಗೆ ಹೋಗಿ, ಕುಳಿತ ಐದೇ ನಿಮಿಷಕ್ಕೆ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದ 28ನೆಯ ವಚನವನ್ನು ಓದಿದೆ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಕೂಡಿಬರುತ್ತದೆ ಎಂಬ ಅರ್ಥದ ವಚನ ಅದು. ಅವರು ತಲೆಯಾಡಿಸಿದರು, ಕಾಫಿ ಕೊಟ್ಟರು, ಪ್ರಾರ್ಥನೆಗೆ ಕಣ್ಣು ಮುಚ್ಚಿದರು, ಆಮೇಲೆ ನಾಲ್ಕು ತಿಂಗಳು ದೇವಾಲಯದ ಕಡೆ ಸುಳಿಯಲಿಲ್ಲ. ಮತ್ತೆ ಮನೆಗೆ ಹೋದಾಗ, ನಾನು ಬಾಯಿ ತೆರೆಯುವ ಮೊದಲೇ, "ಅಯ್ಯನವರೇ, ನಿಮ್ಮ ಪುಸ್ತಕದಲ್ಲಿ ನಿದ್ದೆ ಬಾರದವರು ಯಾರಾದರೂ ಇದ್ದಾರೆಯೇ?" ಎಂದು ಕೇಳಿದರು. 'ನಮ್ಮ' ಎನ್ನದೆ 'ನಿಮ್ಮ' ಎಂದದ್ದು ಇಂದಿಗೂ ಕಿವಿಯಲ್ಲಿದೆ. ಇದ್ದಾರೆ ಎಂದು 77ನೆಯ ಕೀರ್ತನೆಯನ್ನು ತೆರೆದು ಅವರ ಕೈಗೇ ಕೊಟ್ಟೆ. ರೆಪ್ಪೆ ಮುಚ್ಚಲು ನೀನೇ ಬಿಡುತ್ತಿಲ್ಲ, ಮಾತು ಹೊರಡದಷ್ಟು ಕಳವಳಗೊಂಡಿದ್ದೇನೆ ಎಂದು ದೇವರಿಗೇ ದೂರುವ ನಾಲ್ಕನೆಯ ವಚನದ ಮೇಲೆ ಬೆರಳಿಟ್ಟು ಅವರು ಬಹಳ ಹೊತ್ತು ಸುಮ್ಮನಿದ್ದರು. ಅಂದು ನಾನು ಬೇರೇನನ್ನೂ ಓದಲಿಲ್ಲ.

ಮೊದಲು ಓದಿದ ವಚನದಲ್ಲಿ ದೋಷವಿರಲಿಲ್ಲ, ಓದಿದ ಹೊತ್ತು ತಪ್ಪಾಗಿತ್ತು. ಆ ಪತ್ರಿಕೆಯನ್ನು ಬರೆದ ಪೌಲನು ಅದೇ ಅಧ್ಯಾಯದಲ್ಲಿ ಸೃಷ್ಟಿಯೆಲ್ಲವೂ ನರಳುತ್ತಿದೆ, ನಾವೂ ನರಳುತ್ತಿದ್ದೇವೆ ಎಂದು ಬರೆದ ನಂತರವೇ ಆ ಮಾತಿಗೆ ಬರುತ್ತಾನೆ. ನಾನು ನರಳಾಟವನ್ನೆಲ್ಲ ಹಾರಿಸಿ ನೇರವಾಗಿ ಸಮಾಧಾನಕ್ಕೆ ಬಂದಿದ್ದೆ. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ, ಏಳು ರಾತ್ರಿ ಅವನ ಜೊತೆ ಮಾತಿಲ್ಲದೆ ನೆಲದ ಮೇಲೆ ಕುಳಿತಿದ್ದರು; ಆಮೇಲೆ ಅವರು ಆಡಿದ ಮಾತುಗಳಲ್ಲಿ ಹೆಚ್ಚಿನವು ಪ್ರಸಂಗಪೀಠದಿಂದ ಕೇಳಿದರೆ ಸರಿಯೆಂದೇ ತೋರುವಂಥವು, ಆದರೂ ಗ್ರಂಥದ ಕೊನೆಯಲ್ಲಿ ದೇವರು ಅವರ ಮೇಲೆ ಕೋಪಗೊಳ್ಳುತ್ತಾನೆ.

ಹಾಗಾಗಿ ಈಗ ಮೊದಲ ಭೇಟಿಯಲ್ಲಿ ಬೈಬಲ್ ಸಾಮಾನ್ಯವಾಗಿ ನನ್ನ ಚೀಲದಲ್ಲೇ ಇರುತ್ತದೆ. ಓದಬಹುದೇ ಎಂದು ಕೇಳಿ, ಒಪ್ಪಿದರಷ್ಟೇ ತೆರೆಯುತ್ತೇನೆ. ನಿಮಗೆ ಹಿಂದೆ ಆಸರೆಯಾದ ಭಾಗ ಯಾವುದು ಎಂದು ಅವರನ್ನೇ ವಿಚಾರಿಸುತ್ತೇನೆ. ಕತ್ತಲೆಯ ಮಾತಿನಲ್ಲೇ ಮುಗಿಯುವ 88ನೆಯ ಕೀರ್ತನೆಯನ್ನೂ ಹಿಂಜರಿಯದೆ ಓದಿದ್ದೇನೆ. ಅದರ ಕೊನೆಗೆ ನನ್ನದೊಂದು ಸಿಹಿ ಮಾತು ಸೇರಿಸುವ ಚಪಲವನ್ನು ತಡೆದುಕೊಳ್ಳುವುದು ಮಾತ್ರ ಕಷ್ಟ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಗಂಡನಿಂದ ಹೊಡೆಸಿಕೊಂಡು ಬಂದ ಹೆಂಗಸಿಗೆ ಎಫೆಸದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯ ತೋರಿಸಿ ಅಧೀನಳಾಗಿರು ಎಂದು ಹೇಳಿ ಕಳುಹಿಸುವುದು ಸಮಾಲೋಚನೆಯಲ್ಲ. ಅದಕ್ಕೆ ಮುಂಚಿನ 21ನೆಯ ವಚನ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎನ್ನುತ್ತದೆ. ವಿಚ್ಛೇದನದ ವಿರುದ್ಧ ಎಲ್ಲರೂ ಎತ್ತಿ ಹೇಳುವ ಮಲಾಕಿಯ 2:16ರಲ್ಲಿ ಹಿಂಸೆಯ ಖಂಡನೆಯೂ ಇದೆ. ಅಂಥವರಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಮಾಹಿತಿ ಮತ್ತು 181 ಮಹಿಳಾ ಸಹಾಯವಾಣಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ದೂರು ಕೊಡುವುದು ಕಡ್ಡಾಯ, ಆದ್ದರಿಂದ ಯಾರಿಗೂ ಹೇಳುವುದಿಲ್ಲ ಎಂಬ ಮಾತನ್ನು ಮೊದಲೇ ಕೊಡಬೇಡಿ.

ಇನ್ನು ಹಿರಿಯರ ಆಕ್ಷೇಪ. ಇದು ನಿಮ್ಮ ಸಭೆಯದಷ್ಟೇ ಜಗಳವಲ್ಲ. ಅಮೆರಿಕದಲ್ಲಿ ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದು ಬಂದ ಪಾದ್ರಿ ಆಂಟನ್ ಬಾಯ್ಸನ್ 1925ರಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಮಾನಸಿಕ ಆಸ್ಪತ್ರೆಗೆ ಕರೆತಂದು ರೋಗಿಗಳಿಂದ ಕಲಿಯಲು ಹಚ್ಚಿದರು. 1970ರಲ್ಲಿ ಅಲ್ಲಿಯವರೇ ಆದ ಪಾದ್ರಿ ಜೇ ಆಡಮ್ಸ್ ಅದಕ್ಕೆ ತೀರ ವಿರುದ್ಧವಾಗಿ, ಸಮಾಲೋಚನೆಗೆ ಮನಶ್ಶಾಸ್ತ್ರದ ಆಸರೆ ಬೇಡ, ಬೈಬಲಿನಿಂದ ಬುದ್ಧಿಹೇಳುವುದೇ ಪಾಲಕನ ಕೆಲಸ ಎಂದು ವಾದಿಸಿದರು. ಪಾಪದ ಬಗ್ಗೆ ಮಾತನಾಡಲು ನಾಚಬಾರದು ಎಂಬಷ್ಟರ ಮಟ್ಟಿಗೆ ಆಡಮ್ಸ್ ಮಾತು ನನಗೆ ಒಪ್ಪಿಗೆ, ಆದರೆ ಖಿನ್ನತೆಯ ಕಾಯಿಲೆಯನ್ನು ಪಾಪದ ಲೆಕ್ಕಕ್ಕೆ ಬರೆಯಲಾರೆ.

ಹಿರಿಯರ ಜೊತೆ ವಾದಕ್ಕಿಳಿಯದೆ ಒಂದನೆಯ ಅರಸುಗಳ 19ನೆಯ ಅಧ್ಯಾಯವನ್ನು ಒಟ್ಟಿಗೆ ಓದಿ. ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟು ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಇಲ್ಲೇನು ಮಾಡುತ್ತಿದ್ದೀ ಎಂದು ದೇವರು ಕೇಳಿದ್ದು ನಲವತ್ತು ದಿನಗಳ ನಂತರ, ಹೋರೇಬ್ ಬೆಟ್ಟದಲ್ಲಿ. ಸಾಯುವ ಮಾತಾಡುವವರು ನಿಮ್ಮ ಬಳಿ ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಮನೋವೈದ್ಯರ ಬಳಿಗೆ ನೀವೇ ಜೊತೆಯಲ್ಲಿ ಹೋಗಿ. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.